ಕೊಂಡ ಗ್ರೈಂಡರ್, ಕೆಟ್ಟ ಲಾಳಿ

ಬೆಲ್ಟ್ ಗ್ರೈಂಡರ್ ಎಂದರೆ ಇವತ್ತಿಗೂ ನನಗೆ ಪಿತ್ತ ನೆತ್ತಿಗೇರುತ್ತದೆ. ಮಾರಿದವನ ಮೇಲೆ ಸಿಟ್ಟು, ಕೊಳ್ಳಿರಿ ಎಂದು ಬೆನ್ನು ಹತ್ತಿದ ಬಾಮೈದನ ಮೇಲೆ ಸಿಟ್ಟು. ನನ್ನ ಮೇಲಿನ ಸಿಟ್ಟಿನ ಮಾತು ಆಮೇಲೆ ಹೇಳುತ್ತೇನೆ.

ನಾನು ಮಕ್ತಲ್‌ನಲ್ಲಿ ಲಾಳಿ ಮಾಡುವವನು. ಮಗ್ಗದಲ್ಲಿ ಅಡ್ಡನೂಲು ಹೊತ್ತು ಆ ಕಡೆಯಿಂದ ಈ ಕಡೆಗೆ ಓಡುತ್ತದಲ್ಲ, ಆ ಕಟ್ಟಿಗೆಯ ತುಂಡು. ಅದರ ಎರಡೂ ತುದಿಗೆ ಉಕ್ಕಿನ ಮೊನೆ ಕೂರಿಸುತ್ತೇನೆ. ಉಕ್ಕು ಮುಗಿದು ಕಟ್ಟಿಗೆ ಶುರುವಾಗುವ ಆ ಸಂದಿನಲ್ಲೇ ನಮ್ಮ ಮಾನ ಇರುವುದು. ಅಲ್ಲಿ ಕೂದಲೆಳೆಯಷ್ಟು ಏಣು, ಅಂದರೆ ಎದ್ದು ನಿಂತ ಅಂಚು, ಉಳಿದರೂ ಮಗ್ಗದ ಮೇಲಿನ ಎಳೆ ಕತ್ತರಿಸುತ್ತದೆ. ಇಪ್ಪತ್ತು ವರ್ಷ ಅರ ಹಿಡಿದು, ಮರಳು ಕಾಗದ ಹಿಡಿದು ಕೈಯಲ್ಲೇ ಉಜ್ಜಿದೆ. ಹೆಬ್ಬೆರಳ ಕೀಲು ನೋಯತೊಡಗಿದಾಗ ಹಿತ್ತಲಿನ ತಗಡಿನ ಶೆಡ್ಡಿಗೆ ಒಂದು ಬೆಲ್ಟ್ ಗ್ರೈಂಡರ್ ಬೇಕೆನಿಸಿತು. ಅದರಲ್ಲಿ ಇರುವುದಾದರೂ ಏನು? ಗಾಲಿಗಳ ಮೇಲೆ ಓಡುವ ಒರಟು ಪಟ್ಟಿ, ಅದರ ಬೆನ್ನಿಗೆ ಆಸರೆಯಾಗಿ ಒಂದು ಪ್ಲೇಟು, ಓಡಿಸಲಿಕ್ಕೆ ಮೋಟಾರು.

ನಾನೇ ಕಟ್ಟಿಕೊಳ್ಳುತ್ತೇನೆ ಎಂದೆ. ಮೇವು ಕತ್ತರಿಸುವ ಹಳೆಯ ಯಂತ್ರವೊಂದು ಮೋಟಾರಿನ ಸಮೇತ ಮೂಲೆಯಲ್ಲಿ ಬಿದ್ದಿತ್ತು. ನಾರಾಯಣಪೇಟೆಯಿಂದ ಬಂದಿದ್ದ ಬಾಮೈದ ಅದನ್ನು ನೋಡಿ ಬಿದ್ದು ಬಿದ್ದು ನಕ್ಕ.

"ಮಾಮಾ, ಯಾವ ಜಮಾನಾದಾಗ ಅದೀರಿ? ಮೇವಿನ ಮಷೀನು ಬಿಚ್ಚಿ ಗ್ರೈಂಡರ್ ಮಾಡಾಕ ಹೊಂಟೀರಿ! ಕಂಪನಿ ಮಾಲು ತರ್ರಿ. ಸ್ವಿಚ್ ಹಾಕ್ರಿ, ಕೆಲಸ ಖತಂ."

ಅವನು ನಕ್ಕದ್ದೇ ನನ್ನನ್ನು ಕೆಡಿಸಿತು. ಮರುವಾರವೇ ಅವನ ಜೊತೆ ಹೋಗಿ ನೀಲಿ ಬಣ್ಣದ ಹೊಸ ಗ್ರೈಂಡರ್ ತಂದೆ.

ಆಗ ಗದ್ವಾಲದ ಒಬ್ಬ ನೇಕಾರ ಹೆಂಗಸು ಮೂರು ಲಾಳಿ ಕೇಳಿದ್ದರು. ಇಪ್ಪತ್ತು ವರ್ಷದಿಂದ ನನ್ನ ಲಾಳಿ ಬಿಟ್ಟು ಬೇರೆಯದನ್ನು ಮುಟ್ಟದವರು. ಗದ್ವಾಲ ಸೀರೆಯ ಮೈ ಹತ್ತಿ, ಎರಡು ಬದಿಯ ಅಂಚು ರೇಷ್ಮೆ. ಮೈಗೊಂದು, ಅಂಚಿಗೊಂದೊಂದು, ಹೀಗೆ ಮೂರು ಲಾಳಿ ಬೇಕಾಗುತ್ತವೆ. ಹೊಸ ಯಂತ್ರದಲ್ಲಿ ಒಂದೇ ಬೆಳಗಿನಲ್ಲಿ ಮೂರೂ ಮುಗಿದವು, ಮುಖ ಕಾಣುವಷ್ಟು ಹೊಳೆದವು.

ಮುಗಿದ ಲಾಳಿಯ ಮೇಲೆ ಒಂದೆಳೆ ರೇಷ್ಮೆ ಎಳೆದು ನೋಡುವುದು ನಮ್ಮಪ್ಪನ ಕಾಲದ ಪದ್ಧತಿ. ಎಳೆ ಎಲ್ಲೂ ತಡೆಯದಿದ್ದರೆ ಮಾತ್ರ ಲಾಳಿ ಹೊಸ್ತಿಲು ದಾಟಬೇಕು. ಅಂದು ರೇಷ್ಮೆ ಒಳಮನೆಯ ಪೆಟ್ಟಿಗೆಯಲ್ಲಿತ್ತು, ಹತ್ತಿ ನೂಲು ಕೈಯಳತೆಯಲ್ಲಿತ್ತು. ಇಷ್ಟು ಹೊಳೆಯುವುದಕ್ಕೆ ಏನು ನೋಡುವುದು ಎಂದು ಹತ್ತಿ ಎಳೆಯನ್ನೇ ಎಳೆದೆ. ರೇಷ್ಮೆಗಿಂತ ದಪ್ಪ ಎಳೆ, ಸಲೀಸಾಗಿ ಜಾರಿತು. ಕಳಿಸಿಬಿಟ್ಟೆ.

ನಾಲ್ಕನೇ ದಿನ ಅವರ ಫೋನು ಬಂತು. ಬಸ್ಸು ಹಿಡಿದು ಗದ್ವಾಲಕ್ಕೆ ಹೋದೆ. ಸೀರೆಯ ಮೈ ಚೆನ್ನಾಗಿಯೇ ಇತ್ತು. ಎರಡೂ ಅಂಚಿನಲ್ಲಿ ಮಾತ್ರ ರೇಷ್ಮೆ ಎಳೆಗಳು ಹರಿದು, ಗೇಣುದ್ದ ಬರೀ ಗಂಟು.

"ಹತ್ತಿ ತಡಕೊಂಡೈತ್ರಿ, ರೇಷ್ಮಿ ತಡಕೊಂಡಿಲ್ಲ," ಎಂದರು. ಲಾಳಿಯನ್ನು ನನ್ನ ಅಂಗೈಯಲ್ಲಿಟ್ಟು ಕೇಳಿದರು, "ಇದು ಖರೇನ ನೀವ ಮಾಡಿದ್ದೇನ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರೂ ಲಾಳಿ ಚೀಲಕ್ಕೆ ಹಾಕಿಕೊಂಡು ಮಕ್ತಲ್ ಬಸ್ಸು ಹತ್ತಿದೆ.

ಮನೆಗೆ ಬಂದವನೇ ಗ್ರೈಂಡರಿನ ಪಟ್ಟಿ ಕಳಚಿದೆ. ಹಿಂದಿನ ಪ್ಲೇಟು ಬರೀ ತೆಳು ತಗಡು, ಹೆಬ್ಬೆರಳಿಂದ ಒತ್ತಿದರೆ ಒಳಗೆ ತಗ್ಗುತ್ತಿತ್ತು. ಅದು ತಗ್ಗಿದಾಗಲೆಲ್ಲ ಪಟ್ಟಿ ಮೆತ್ತನೆಯ ಕಟ್ಟಿಗೆಯನ್ನು ಹೆಚ್ಚು ತಿಂದು, ಗಟ್ಟಿ ಉಕ್ಕನ್ನು ಎತ್ತರಕ್ಕೆ ಬಿಟ್ಟಿತ್ತು. ಸಂದಿನಲ್ಲಿ ಏಣು ಉಳಿದದ್ದು ಹೀಗೆ. ಗ್ರೈಂಡರನ್ನೇ ಹೊತ್ತುಕೊಂಡು, ಅದನ್ನು ತಂದಿದ್ದ ಅಂಗಡಿಗೆ ಹೋದೆ.

"ನೀವು ಜಾಸ್ತಿ ಒತ್ತೀರಿ," ಎಂದ ಅಂಗಡಿಯವನು, ಫೋನಿನಿಂದ ಕಣ್ಣನ್ನೂ ತೆಗೆಯದೆ. "ಒತ್ತಬಾರದ್ರಿ ಅದನ್ನ."

"ಒತ್ತದ ಹೆಂಗ ಉಜ್ಜಬೇಕೋ ಮಾರಾಯ? ಮನ್ಯಾಗಿಟ್ಟು ಪೂಜಿ ಮಾಡಾಕ ಒಯ್ದೀನೇನು?" ಎಂದು ನಾನು ಕೂಗಿದ್ದಕ್ಕೆ ಬೀದಿಯ ಜನ ತಿರುಗಿ ನೋಡಿದರು. ಅವನು ಮಾತ್ರ ಅಲುಗಲಿಲ್ಲ. ಎಂಥ ನಾಚಿಕೆಗೆಟ್ಟ ಜನ! ಕೆಲಸದ ಯಂತ್ರ ಎಂದು ಮಾರುವುದು, ಕೆಲಸ ಮಾಡಿದರೆ ತಪ್ಪು ನಿನ್ನದೇ ಎನ್ನುವುದು.

ಕೊನೆಗೆ ಮೊದಲು ಅಂದುಕೊಂಡಂತೆ ನಾನೇ ಕಟ್ಟುವುದೆಂದು ಮೇವಿನ ಯಂತ್ರದ ಮೋಟಾರು ಬಿಚ್ಚಿದೆ. ಲೇತ್ ಅಂಗಡಿಯಲ್ಲಿ ಬೆರಳು ದಪ್ಪದ ಉಕ್ಕಿನ ಪ್ಲೇಟನ್ನು ಸಪಾಟು ಮಾಡಿಸಿ, ಗಾಲಿಗಳನ್ನು ಕಡೆಸಿದೆ. ಮೊದಲ ದಿನ ಪಟ್ಟಿ ಗಾಲಿಯಿಂದ ಜಾರಿ ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಗಾಲಿಯ ನಡು ತುಸು ಉಬ್ಬಿರಬೇಕು, ಆಗಲೇ ಪಟ್ಟಿ ನಡುವೆ ನಿಲ್ಲುತ್ತದೆ ಎಂದು ಲೇತಿನವನು ನಗುತ್ತಾ ಹೇಳಿದ. ಮತ್ತೆ ಕಡೆಸಿದೆ. ಬಾಮೈದ ಬಂದು ನೋಡಿ ಈ ಸಲ ನಗಲಿಲ್ಲ. ನಕ್ಕಿದ್ದರೆ ಅವನ ಗತಿ ಬೇರೆಯೇ ಆಗುತ್ತಿತ್ತು. ನನ್ನ ಗ್ರೈಂಡರಿಗೆ ಬಣ್ಣವಿಲ್ಲ, ಚಂದವಿಲ್ಲ, ಸದ್ದು ಓಣಿಗೆಲ್ಲ ಕೇಳುತ್ತದೆ. ಎಷ್ಟು ಒತ್ತಿದರೂ ಪ್ಲೇಟು ತಗ್ಗುವುದಿಲ್ಲ.

ಆದರೂ ನಿಜ ಹೇಳಬೇಕು. ತೆಳು ತಗಡು ಹಾಕಿದ ತಪ್ಪು ಕಂಪನಿಯದೇ ಇರಬಹುದು, ಹತ್ತಿ ಎಳೆ ಎಳೆದ ಕೈ ನನ್ನದು. ಎದ್ದು ನಾಲ್ಕು ಹೆಜ್ಜೆ ಒಳಗೆ ಹೋಗಿ ರೇಷ್ಮೆ ತಂದಿದ್ದರೆ ಆ ಏಣು ನನ್ನ ಶೆಡ್ಡಿನಲ್ಲೇ ಸಿಕ್ಕಿಬೀಳುತ್ತಿತ್ತು. ಇದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಮೂರು ಹೊಸ ಲಾಳಿ ಮಾಡಿ, ಒಂದೊಂದನ್ನೂ ರೇಷ್ಮೆಯಲ್ಲಿ ನೋಡಿ, ನಾನೇ ಗದ್ವಾಲಕ್ಕೆ ಒಯ್ದೆ. ಮೊದಲೆಲ್ಲ ಆಕೆ ನನ್ನ ಕೈಯಿಂದ ತೆಗೆದುಕೊಂಡವರೇ ನೂಲು ತುಂಬಿ ಮಗ್ಗಕ್ಕೆ ಕೂರುತ್ತಿದ್ದರು. ಅಂದು ಗೂಟಕ್ಕೆ ತೂಗಿದ್ದ ಲಡಿಯಿಂದ ಒಂದೆಳೆ ರೇಷ್ಮೆ ಬಿಡಿಸಿಕೊಂಡರು. ನನ್ನ ಕಣ್ಣೆದುರೇ ಮೊದಲನೆಯ ಲಾಳಿಯ ಮೇಲೆ ಎಳೆದರು.

"ನಾ ನೋಡೀನ್ರಿ," ಎಂದೆ. ನನ್ನ ದನಿ ಏರಿತ್ತು. "ರೇಷ್ಮಿಲೇ ನೋಡೀನಿ."

"ನೋಡಿರ್ತೀರಿ," ಎಂದರು ಆಕೆ ಮೆತ್ತಗೆ. "ಇನ್ನ ಮ್ಯಾಲ ನಾನೂ ನೋಡ್ತೀನ್ರಿ."

ಎಳೆ ಎಲ್ಲೂ ತಡೆಯಲಿಲ್ಲ. ಮೂರನೆಯದನ್ನು ಆಕೆ ಎರಡು ಸಲ ನೋಡಿದರು.