ವಿರೂಪಣ್ಣನ ಬಂದೂಕಿನ ಹಿಡಿ

ರಾಯಚೂರಿನಲ್ಲಿ ಮರ ಮುಟ್ಟಿ ಅದರ ಮೂಲ, ವಯಸ್ಸು ಹೇಳಬಲ್ಲವರು ಬಡಗಿ ಬುರ್ಹಾನುದ್ದೀನ್. ಬಾಗಿಲು, ತೊಟ್ಟಿಲು, ಹಳೇ ಪೆಟ್ಟಿಗೆ, ಏನೇ ತನ್ನಿ, ಉಗುರಿನಿಂದ ಕೆರೆದು, ಮೂಸಿ ಹೇಳುತ್ತಾರೆ. ನಗುವುದು ಕಡಿಮೆ, ಕ್ಷಮಿಸುವುದು ಇನ್ನೂ ಕಡಿಮೆ. ಅದಕ್ಕೇ ನನಗೆ ಅವರು ಇಷ್ಟ.

ಅವರ ಸಿಟ್ಟಿನ ಬೇರು ಮಾನ್ವಿಯಲ್ಲಿದೆ. ಅಪ್ಪ ಅಬ್ದುಲ್ ವಹೀದ್ ಅಲ್ಲಿ ಬಡಗಿಯಾಗಿದ್ದರು. 1987ರಲ್ಲಿ ಅಕ್ಕಿ ಗಿರಣಿಯ ಸಾಹುಕಾರರು ಮನೆತನದ ಬೇಟೆ ಬಂದೂಕನ್ನು ಪಾಲಿಶ್ ಮಾಡಲು ಕೊಟ್ಟರು. ವರ್ಷವರ್ಷವೂ ಆಯುಧ ಪೂಜೆಗೆ ಎಣ್ಣೆ, ವಿಭೂತಿ, ಕುಂಕುಮ ಮೆತ್ತಿ ಅದರ ಮರದ ಹಿಡಿ ಕಾಡಿಗೆಯಂತಾಗಿತ್ತು. ವಹೀದ್ ಆ ಜಿಡ್ಡನ್ನೆಲ್ಲ ತೆಗೆದರು. ಒಳಗಿದ್ದ ಮರ ಜೇನಿನ ಬಣ್ಣದ್ದು. ಹಿಡಿಯನ್ನು ಕಪ್ಪಗೇ ನೋಡಿ ಬೆಳೆದಿದ್ದ ಸಾಹುಕಾರರು ಸಂತೆಯಲ್ಲಿ ಕೂಗಾಡಿದರು: "ನಮ್ಮ ವಿಲಾಯ್ತಿ ಮರ ನುಂಗಿ ಜಾಲಿ ಕಟಗಿ ಕೂಡಿಸ್ಯಾನ, ಕಟ್ರಿ ಇವನ್ನ ಕಂಬಕ್ಕ!" ಕಟ್ಟಿದರು. ವಹೀದರ ಮಗಳು ತಹಸೀನಳಿಗೆ ದೇವದುರ್ಗದಲ್ಲಿ ಗೊತ್ತಾಗಿದ್ದ ಮದುವೆ ಆ ವಾರವೇ ಮುರಿಯಿತು. ಮತ್ತೆ ಯಾರೂ ಕೇಳಿ ಬರಲಿಲ್ಲ. ಸಂಸಾರ ರಾಯಚೂರಿಗೆ ಬಂತು. ವಹೀದ್ ಕಳ್ಳ ಎನಿಸಿಕೊಂಡೇ ಸತ್ತರು.

ಹೋದ ವರ್ಷ ಆ ಸಾಹುಕಾರರ ಮಗ ವಿರೂಪಣ್ಣ ಅದೇ ಬಂದೂಕು ಹಿಡಿದು ಬುರ್ಹಾನುದ್ದೀನರ ಅಂಗಡಿಗೆ ಬಂದ. ಅಜ್ಜನ ಹೆಸರಿನಲ್ಲಿ ಅದನ್ನು ಹೈದರಾಬಾದಿನ ಒಂದು ವಸ್ತುಸಂಗ್ರಹಾಲಯಕ್ಕೆ ಕೊಡಬೇಕಂತೆ. ಹಿಡಿ ಮೊದಲಿನದೇ ಎಂದು ತಿಳಿದವರು ಬರೆದುಕೊಡಬೇಕಂತೆ. ಎದುರಿಗಿರುವವರು ಯಾರೆಂದು ಪುಣ್ಯಾತ್ಮನಿಗೆ ಗೊತ್ತಿಲ್ಲ.

"ನಮ್ಮಪ್ಪನ ಕಾಲದಾಗ ಒಬ್ಬ ಕಳ್ಳ ಬಡಗಿ ಮರ ಬದಲಿ ಮಾಡ್ಯಾನ್ರಿ. ನೀವು ಮೊದಲಿಂದೇ ಅಂತ ಬರದ್ ಬಿಡ್ರಿ, ಯಾರಿಗೆ ತಿಳೀತದ?"

ಬುರ್ಹಾನುದ್ದೀನ್ ಬಂದೂಕು ತೆಗೆದುಕೊಂಡರು. ಹಿಡಿಯ ತುದಿಯ ಕಬ್ಬಿಣದ ತಗಡನ್ನು ಬಿಚ್ಚಿದರು. ಅಪ್ಪ ಅದನ್ನು ಬಿಚ್ಚಿರಲಿಲ್ಲ. ಸಂದಿಯಲ್ಲಿ ಇಳಿದ ಎಣ್ಣೆ, ವಿಭೂತಿ ಅಲ್ಲೇ ಕಪ್ಪಗೆ ಗಟ್ಟಿಯಾಗಿತ್ತು. ಕೆರೆದಾಗ ಮರದಲ್ಲಿ ಒತ್ತಿದ ಅಚ್ಚು ಕಂಡಿತು: 1931, ಪಕ್ಕಕ್ಕೆ ಬಂದೂಕಿನ ನಳಿಗೆಯ ಮೇಲಿದ್ದ ನಂಬರೇ. ಮರ ಅಕ್ರೋಟಿನದು.

ಜಾಲಿ ಎಂದು ಬರೆದಿದ್ದರೆ ಸಾಹುಕಾರರ ಬಂದೂಕು ವಸ್ತುಸಂಗ್ರಹಾಲಯಕ್ಕೆ ಹೋಗುತ್ತಿರಲಿಲ್ಲ. ಆದರೆ ಅಪ್ಪ ಕಳ್ಳನೆನಿಸಿಕೊಂಡೇ ಉಳಿಯುತ್ತಿದ್ದರು. ಬುರ್ಹಾನುದ್ದೀನ್ ಇದ್ದದ್ದನ್ನು ಇದ್ದಂತೆ ಬರೆದರು:

"ಇದು ವಿಲಾಯಿತಿ ಅಕ್ರೋಟ್ ಮರ, 1931ರದು, ಮೊದಲಿನದೇ. ಅಬ್ದುಲ್ ವಹೀದ್ ಇದರ ಜಿಡ್ಡು ತೆಗೆದರು, ಮರ ಕದಿಯಲಿಲ್ಲ. ಮಾನ್ವಿಯ ಸಾಹುಕಾರರು ಸುಳ್ಳು ಆರೋಪ ಹೊರಿಸಿ ಅವರನ್ನು ಕಂಬಕ್ಕೆ ಕಟ್ಟಿಸಿದರು."

ವಿರೂಪಣ್ಣನ ಮುಖ ಕಪ್ಪಿಟ್ಟಿತು. "ಕಡೀ ಎರಡು ಸಾಲು ತಗೀರಿ."

"ಆ ಕಳ್ಳನ ಮಗ ನಾನ. ಅವು ಹೋದ್ರ ನನ್ನ ಸಹೀನೂ ಇಲ್ಲ."

ವಿರೂಪಣ್ಣ ಬಂದೂಕು ಎತ್ತಿಕೊಂಡು ಹೋದ. ಎರಡು ಊರು ಅಲೆದ. ಬುರ್ಹಾನುದ್ದೀನ್ ಸಹಿ ಹಾಕದ ಮರಕ್ಕೆ ಬರೆದುಕೊಡಲು ಬೇರೆ ಯಾರೂ ಒಪ್ಪಲಿಲ್ಲ. ಎಂಟು ದಿನಕ್ಕೆ ತಿರುಗಿ ಬಂದು, "ಹಂಗ ಇರ್ಲಿ, ಸಹಿ ಹಾಕ್ರಿ" ಎಂದ.

ಬುರ್ಹಾನುದ್ದೀನ್ ಒಳಗಿನಿಂದ ಅಕ್ಕನನ್ನು ಕರೆದರು. ತಹಸೀನ್ ಹೊಸ್ತಿಲಲ್ಲಿ ಬಂದು ನಿಂತರು.

"ಮೊದಲ ನಮ್ಮಕ್ಕಗ ಓದಿ ಹೇಳ್ರಿ."

ವಿರೂಪಣ್ಣ ತಲೆ ತಗ್ಗಿಸಿ, ಗಂಟಲು ಸರಿಮಾಡಿಕೊಂಡು ಓದಿದ. ಕೊನೆಯ ಸಾಲಿಗೆ ದನಿ ಇಳಿಯಿತು. ತಹಸೀನ್ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನನಗ ಕೇಳಿಸ್ಲಿಲ್ಲ," ಎಂದರು. "ಹೊರಗ ಬೀದ್ಯಾಗ ನಿಂತು ಓದ್ರಿ."