ಗೇಟು ತೆಗೆಸುತ್ತಿದ್ದ ಸದ್ದು

2004ನೇ ಇಸವಿ. ಹೈದರಾಬಾದಿನ ನಾರಾಯಣಗೂಡದಲ್ಲಿ ನನ್ನದೊಂದು ಮೋಟಾರ್ ಸೈಕಲ್ ಗ್ಯಾರೇಜು ಇತ್ತು. ಹುಟ್ಟಿದ್ದು ಬೀದರ್ ಕಡೆ; ಕಸುಬು ಕಲಿತದ್ದು, ಅನ್ನ ಕಂಡದ್ದು ಇಲ್ಲಿ. ಆ ವರ್ಷಗಳಲ್ಲಿ ಗಚ್ಚಿಬೌಲಿ ಕಡೆ ಗಾಜಿನ ಕಟ್ಟಡಗಳು ಎದ್ದ ಹಾಗೆ ನನ್ನ ಕೆಲಸದ ಬಗೆಯೂ ಬದಲಾಯಿತು. ಮೊದಲು ಜನ ಕೆಟ್ಟ ಗಾಡಿ ತರುತ್ತಿದ್ದರು. ಈಗ ಹೊಸ ಸಂಬಳ ಕಂಡ ಹುಡುಗರು ಸರಿಯಿದ್ದ ಗಾಡಿ ತಂದು, ಕಂಪನಿಯ ಸೈಲೆನ್ಸರ್ ಬಿಚ್ಚಿ ಜೋರು ಸದ್ದಿನದೊಂದು ಹಾಕಿ ಎನ್ನತೊಡಗಿದರು. ಕಿವಿ ಕಿತ್ತುಹೋಗುವ ಆ ಸದ್ದು ನನಗೆ ಎಂದೂ ಸೇರಲಿಲ್ಲ. ಆದರೂ ಹಾಕಿಕೊಟ್ಟೆ. ನಾನು ಒಲ್ಲೆನೆಂದರೆ ಪಕ್ಕದವನು ಹಾಕುತ್ತಿದ್ದ, ಅದೂ ಸೊಟ್ಟಸೊಟ್ಟಗೆ.

ಆ ಮಳೆಗಾಲದ ಮೊದಲಲ್ಲಿ ಸಂಗಮೇಶ ಬಂದ. ದಿಲ್‌ಸುಖ್‌ನಗರದ ಹುಡುಗ. ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಕೇಬಲ್ ಎಳೆಯುವ ಕೆಲಸ. ಅವನಪ್ಪ ಶರಣಪ್ಪನವರು ನಮ್ಮ ಕಡೆಯವರೇ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಗಾಡಿ ಅವರದು, ಟೂ-ಸ್ಟ್ರೋಕ್ ಎಂಜಿನ್ನಿನ ಹಳೆಯ ಮೋಟಾರ್ ಸೈಕಲ್. ಮಗ ಕಾಲೇಜು ಸೇರಿದ ದಿನ ಕೀಲಿ ಅವನ ಕೈಗೆ ಕೊಟ್ಟಿದ್ದರು.

"ಕಾಕಾ, ಗಚ್ಚಿಬೌಲಿ ರೋಡಿನ್ಯಾಗ ಕ್ಯಾಬ್ ಡ್ರೈವರ್ರು ಮೈಮ್ಯಾಲೇ ಬರಾಕತ್ತಾರ. ಹಾರ್ನಿಗೆ ಯಾರೂ ಕಿಮ್ಮತ್ ಕೊಡಂಗಿಲ್ಲ. ನಾ ಬಂದದ್ದು ಅವ್ರ ಕಿವಿಗೆ ಬಡೀಬೇಕ್ರಿ," ಎಂದ.

"ಗಾಡಿ ಅಪ್ಪಾರದು. ಅವರನ್ನ ಕೇಳಿಯೇನು?"

"ಅಪ್ಪಗ ಈಗೇನೂ ನೆನಪಿರಂಗಿಲ್ರಿ. ಕೇಳಿದ್ರೂ ಅಷ್ಟ, ಬಿಟ್ರೂ ಅಷ್ಟ."

ಶರಣಪ್ಪನವರಿಗೆ ಮರೆವಿನ ಕಾಯಿಲೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಔಷಧವಿಲ್ಲ, ದಿನ ಹೋದಂತೆ ಹೆಚ್ಚುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ.

ಟೂ-ಸ್ಟ್ರೋಕ್ ಗಾಡಿಗೆ ಸೈಲೆನ್ಸರ್ ಎಂದರೆ ಬರೀ ಸದ್ದು ಅಡಗಿಸುವ ಡಬ್ಬಿಯಲ್ಲ. ಹೊರಗೆ ಹೋದ ಹೊಗೆಯ ಒತ್ತಡ ಅದರೊಳಗೆ ಬಡಿದು ಹಿಂದಕ್ಕೆ ಬಂದು, ಸುಡದ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಆದ್ದರಿಂದ ಸೈಲೆನ್ಸರ್ ಬದಲಿಸಿದರೆ ಕಾರ್ಬೊರೇಟರಿನ ಜೆಟ್ಟನ್ನೂ, ಅಂದರೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಲ್ಲೆಯನ್ನೂ ಬದಲಿಸಬೇಕು. ಇಲ್ಲವಾದರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಲ್ಲ ನೇಮದಿಂದ ಮಾಡಿದೆ. ಹಳೆಯ ಸೈಲೆನ್ಸರಿನ ಹೊಟ್ಟೆಯಲ್ಲಿ ಹಿತ್ತಾಳೆಯ ತೇಪೆಯೊಂದಿತ್ತು. ಒಳಗಿನ ತಗಡು ಸಡಿಲಾಗಿ, ಆಕ್ಸಿಲರೇಟರ್ ಬಿಟ್ಟಾಗಲೆಲ್ಲ 'ಝಣ್' ಎನ್ನುತ್ತಿತ್ತು. "ಅದನ್ನ ಒಗೀರಿ ಕಾಕಾ," ಎಂದ ಸಂಗಮೇಶ. ಬಿಚ್ಚಿದ ಹಳೆಯ ಸಾಮಾನು ಗ್ಯಾರೇಜಿನವರದು ಎಂಬುದು ನಮ್ಮಲ್ಲಿನ ರೂಢಿ. ಆ ವಾರದ ಗುಜರಿಯವನ ಬಂಡಿಯಲ್ಲಿ ಅದೂ ಹೋಯಿತು.

ಕೆಲವು ದಿನಗಳಲ್ಲೇ ಹುಡುಗ ತಿರುಗಿ ಬಂದ. ಪೊಲೀಸರು ಹಿಡಿದಿರಬೇಕು ಎಂದು ನಾನು ನಗಾಡಿದೆ. ಅವನು ನಗಲಿಲ್ಲ.

"ಕಾಕಾ, ಅಪ್ಪ ನನ್ನ ಒಳಗ ಬಿಡವಲ್ಲ," ಎಂದ.

ನಂಬದೆ ಸಂಜೆ ಅವನ ಹಿಂದೆ ಕೂತು ಹೋದೆ. ಶರಣಪ್ಪನವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಓಣಿಯನ್ನೇ ನಡುಗಿಸುತ್ತ ನಾವು ಬಂದು ನಿಂತರೂ ಅವರ ಕಣ್ಣು ರಸ್ತೆಯ ತಿರುವಿನ ಮೇಲೇ. ಸಂಗಮೇಶ ಗೇಟಿಗೆ ಕೈ ಹಾಕಿದಾಗ ಎದ್ದು ಅಡ್ಡ ನಿಂತರು.

"ಯಾರ್ರಿ ನೀವು? ಯಾರ ಮನಿ ಬೇಕಾಗಿತ್ತು?"

ಒಳಗಿನಿಂದ ಅವರ ಹೆಂಡತಿ ಗೌರಮ್ಮ ಓಡಿ ಬಂದರು. "ನಿಮ್ಮ ಮಗಾರಿ, ಸಂಗಮೇಶ."

"ನನ್ನ ಮಗನ ಗಾಡಿ ಸಪ್ಪಳ ನನಗ ಗೊತ್ತಿಲ್ಲೇನು?" ಎಂದು ಗದರಿ ಮತ್ತೆ ಕುರ್ಚಿಗೆ ಹೋದರು.

ಗೌರಮ್ಮ ಬಿಡಿಸಿ ಹೇಳಿದರು. ಹೆಸರುಗಳು, ಮುಖಗಳು ಅಳಿಸಿ ಹೋಗಿ ವರ್ಷವಾಗಿತ್ತಂತೆ. ಆದರೆ ಸಂಜೆ ಆ ಗಾಡಿ ಓಣಿಗೆ ತಿರುಗಿದ ಕೂಡಲೇ "ಸಂಗಮ್ಯಾ ಬಂದ" ಎಂದು ಎದ್ದು ತಾವೇ ಗೇಟು ತೆಗೆಯುತ್ತಿದ್ದರು, ಟವೆಲಿನಿಂದ ಟ್ಯಾಂಕ್ ಒರೆಸುತ್ತಿದ್ದರು, ಮಗನ ಜೊತೆ ಊಟಕ್ಕೆ ಕೂರುತ್ತಿದ್ದರು. ಮಗನನ್ನು ಮಾತ್ರ ಇನ್ನೂ ಮುಖ ನೋಡಿ ಗುರುತಿಸುತ್ತಾರೆ ಎಂದೇ ಮನೆಯವರೆಲ್ಲ ತಿಳಿದಿದ್ದರು. ಅವರು ಗುರುತಿಸುತ್ತಿದ್ದದ್ದು ಸದ್ದನ್ನು. ಈಗ ಬಾರದ ಮಗನಿಗಾಗಿ ಕಾಯುತ್ತ ರಾತ್ರಿಯ ಊಟವನ್ನೂ ಬಿಟ್ಟಿದ್ದರು. ಒಳಗೆ ಹೋಗಬೇಕಾದರೆ ಅಪ್ಪ ಮಲಗುವ ತನಕ ಸಂಗಮೇಶ ಹೊರಗೆ ಸುತ್ತಾಡಬೇಕಿತ್ತು.

ಮರುದಿನವೇ ಗುಜರಿಯವನ ಹತ್ತಿರ ಓಡಿದೆ. ಅವನು ಅದನ್ನು ಕತ್ತರಿಸಿ ಲೋಡಿಗೆ ಹಾಕಿಯಾಗಿತ್ತು. ಆ ಮಾದರಿಯನ್ನು ಕಂಪನಿ ಮಾಡುವುದನ್ನೇ ಬಿಟ್ಟು ಕಾಲವಾಗಿತ್ತು. ಮೊದಲು ಹೊಸ ಸೈಲೆನ್ಸರಿನ ಒಳಗೆ ಗ್ಲಾಸ್‌ವೂಲ್, ಅಂದರೆ ಗಾಜಿನ ನಾರು, ತುಂಬಿ ಸದ್ದು ಇಳಿಸಿದೆ. ಸದ್ದು ಇಳಿಯಿತು, ಹಳೆಯದಾಗಲಿಲ್ಲ. ಹಳೆಯ ಸಾಮಾನಿನ ಅಂಗಡಿಗಳನ್ನೆಲ್ಲ ಅಲೆದು, ದೀಪಾವಳಿ ಹೊತ್ತಿಗೆ ಅದೇ ಮಾದರಿಯದೊಂದು ಸಿಕ್ಕಿತು. ಕುಣಿದಾಡುವಷ್ಟು ಖುಷಿಯಾಯಿತು ನನಗೆ. ಹಾಕಿ ಕಳಿಸಿದರೆ, ಶರಣಪ್ಪನವರು ಕುರ್ಚಿಯಿಂದ ಅರ್ಧ ಎದ್ದು, ಕಿವಿಗೊಟ್ಟು, ಮತ್ತೆ ಕೂತರಂತೆ.

ಅದರಲ್ಲಿ 'ಝಣ್' ಇರಲಿಲ್ಲ. ಜೀವಮಾನವಿಡೀ ಗಾಡಿಗಳ ಬಡಬಡಿಕೆ ನಿಲ್ಲಿಸಿ ಹೊಟ್ಟೆ ಹೊರೆದವನು ನಾನು. ಈಗ ಚೆನ್ನಾಗಿದ್ದ ಸೈಲೆನ್ಸರ್ ಸೀಳಿ ಒಳಗಿನ ತಗಡು ಸಡಿಲಿಸತೊಡಗಿದೆ. ಹೆಚ್ಚು ಬಿಟ್ಟರೆ ಡಬ್ಬಿ ಕುಲುಕಿದ ಹಾಗೆ, ಕಡಿಮೆ ಬಿಟ್ಟರೆ ಮೂಕ. ಮತ್ತೆ ಮತ್ತೆ ಸೀಳಿದೆ, ಮತ್ತೆ ಮತ್ತೆ ಬೆಸುಗೆ ಹಾಕಿದೆ. ಸಂಗಮೇಶ ರಜೆ ಹಾಕಿ ಬಂದು ಪಕ್ಕದಲ್ಲೇ ಕೂತು, ಕಣ್ಣು ಮುಚ್ಚಿ ಕೇಳಿ, "ಇಲ್ರಿ ಕಾಕಾ," ಎನ್ನುತ್ತಿದ್ದ. ಆಮೇಲೆ ಬರೀ ಇಲ್ಲವೆಂದು ತಲೆಯಾಡಿಸುತ್ತಿದ್ದ.

ಸಂಕ್ರಾಂತಿಯ ಹಿಂದಿನ ದಿನ ಹಿತ್ತಾಳೆಯ ತೇಪೆಯನ್ನೂ ಹಳೆಯದು ಇದ್ದಲ್ಲೇ ಹಚ್ಚಿ ಸ್ಟಾರ್ಟ್ ಮಾಡಿದೆ. ಆಕ್ಸಿಲರೇಟರ್ ಬಿಟ್ಟೆ. ಝಣ್. ಸಂಗಮೇಶ ನನ್ನ ಎಣ್ಣೆಗೈ ಹಿಡಿದುಕೊಂಡು ಗಳಗಳನೆ ಅತ್ತ.

ಇಬ್ಬರೂ ದಿಲ್‌ಸುಖ್‌ನಗರಕ್ಕೆ ಹೋದೆವು. ಓಣಿಗೆ ತಿರುಗುವಷ್ಟರಲ್ಲಿ ಶರಣಪ್ಪನವರು ಎದ್ದು ನಿಂತಿದ್ದರು. ನಾವು ತಲುಪುವ ಮೊದಲೇ ಗೇಟು ಪೂರ್ತಿ ತೆರೆದಿತ್ತು. ಬಾಗಿಲಲ್ಲಿ ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಶರಣಪ್ಪನವರು ಟವೆಲ್ ತೆಗೆದು ಟ್ಯಾಂಕ್ ಒರೆಸಿದರು, ಸೀಟು ತಟ್ಟಿದರು.

"ಗಾಡಿ ನಮ್ದ ಐತಿ," ಎಂದರು. ಆಮೇಲೆ ತಲೆಯೆತ್ತಿ ಸಂಗಮೇಶನ ಮುಖವನ್ನು ಬಹಳ ಹೊತ್ತು ನೋಡಿದರು. "ನನ್ನ ಮಗ ಎಲ್ಲಿ ಅದಾನ್ರಿ?"

"ಅಪ್ಪಾ, ನಾನ," ಎಂದ ಅವನು.

ಶರಣಪ್ಪನವರು ನನ್ನ ಕಡೆ ತಿರುಗಿ ಅದನ್ನೇ ಕೇಳಿದರು.

ಮುಂದಿನದನ್ನು ಗೌರಮ್ಮನವರಿಂದ ಕೇಳಿದ್ದು. ದಿನಾ ಸಂಜೆ ಶರಣಪ್ಪನವರು ಗೇಟು ತೆಗೆದು, ಗಾಡಿಯನ್ನು ಒಳಗೆ ತೆಗೆದುಕೊಂಡು, ತಂದುಕೊಟ್ಟವನಿಗೆ ಕೈ ಮುಗಿಯುತ್ತಿದ್ದರಂತೆ. "ಉಪಕಾರ ಆತ್ರಿ. ಇನ್ನ ನೀವು ಮನೀಗೆ ಹೋಗ್ರಿ. ನಿಮ್ಮಪ್ಪಾರು ದಾರಿ ನೋಡತಿರಬೇಕು." ಸಂಗಮೇಶ "ಆತ್ರಿ" ಎಂದು ಓಣಿ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದ. ಶರಣಪ್ಪನವರು ಇದ್ದಷ್ಟು ದಿನವೂ ಹೀಗೇ ನಡೆಯಿತು.

ಬಿಚ್ಚಿದ್ದನ್ನು ಮತ್ತೆ ಜೋಡಿಸಬಹುದು ಎಂಬ ಧೈರ್ಯದ ಮೇಲೆ ನಮ್ಮ ಕಸುಬು ನಡೆಯುತ್ತದೆ. ಗಾಡಿಯ ಮಟ್ಟಿಗೆ ಅದು ಸುಳ್ಳಲ್ಲ. ಎಷ್ಟು ತಿಂಗಳು ಮೂಲೆಗೆ ನಿಲ್ಲಿಸಿದರೂ ಅದು ಇದ್ದ ಹಾಗೇ ನಿಂತಿರುತ್ತದೆ. ನಾನು ಸದ್ದನ್ನು ಸರಿಪಡಿಸುತ್ತ ಕೂತಿದ್ದ ಆ ತಿಂಗಳುಗಳಲ್ಲಿ ಶರಣಪ್ಪನವರ ಮರೆವು ಮಾತ್ರ ನಿಂತಿರಲಿಲ್ಲ.