ಬೆಂಚು ಖಾಲಿಯಾದ ದಿನ

ಮಂಡಿನೋವಿನ ಟೈಲರಮ್ಮನಿಗೆ ಡಾಕ್ಟರು ಹೇಳಿದ್ದು ಪಾರ್ಕಿಗೆ ಹೋಗಿ ಅಂತ. ಹೋಗಿ ನಡೀರಿ ಅಂತಲೂ ಹೇಳಿದ್ದರು. ಅದನ್ನು ಈಯಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಸಂಜೆ ಅಂಗಡಿ ಬಾಗಿಲು ಹಾಕಿ, ಕೊರಳಿನ ಟೇಪನ್ನೂ ತೆಗೆಯದೆ ಬಂದು, ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು, ನಡೆಯುವವರನ್ನು ನೋಡಿ ಎದ್ದು ಹೋಗುವುದು. ಹಗಲೆಲ್ಲ ಮಷೀನಿನ ಮುಂದೆ ಕೂರುವುದು, ಸಂಜೆ ಮರದ ಕೆಳಗೆ ಕೂರುವುದು. ಮಂಡಿಗೆ ಎಲ್ಲಿಂದ ಬುದ್ಧಿ ಬರಬೇಕು ಹೇಳಿ.

ಮಂಡಿ ಹಟ ಹಿಡಿದದ್ದರಿಂದ ಆಕೆಗಾದ ನಷ್ಟ ಒಂದೇ, ಆದರೆ ದೊಡ್ಡದು. ಪಾರ್ಕಿನ ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಅವಳ ಅಕ್ಕ ಇದ್ದಳು. ಲಿಫ್ಟಿಲ್ಲ. ಸೊಂಟ ಮುರಿದುಕೊಂಡ ಅಕ್ಕ ಇಳಿಯುವಂತಿಲ್ಲ, ತಂಗಿ ಹತ್ತುವಂತಿಲ್ಲ. ಒಂದೇ ಬೀದಿಯಲ್ಲಿದ್ದೂ ಫೋನಿನಲ್ಲೇ ಮಾತು. "ಹೇಗಿದ್ದೀಯ ಅಕ್ಕ?" ಅಂದರೆ "ಕಲ್ಲುಗುಂಡಿನ ಹಾಗಿದ್ದೀನಿ ಕಣೇ" ಅನ್ನುವಳು. ಮುಖ ನೋಡಿ ವರ್ಷವಾಗುತ್ತ ಬಂದಿತ್ತು. ಅದನ್ನು ನೆನೆದರೆ ಟೈಲರಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ ಬಿರುಸು ನಡಿಗೆಯ ಮೇಷ್ಟ್ರು ಬೆಂಚಿನ ಮುಂದೆ ಹಾದುಹೋದರು. ತೊಟ್ಟಿದ್ದ ಪ್ಯಾಂಟು ಈಯಮ್ಮನೇ ಹೊಲಿದದ್ದು. ಅದರ ಬಲಗಾಲು ಒಂದು ಬೆರಳಿನಷ್ಟು ಗಿಡ್ಡ. ಮೇಷ್ಟ್ರಿಗೆ ಗೊತ್ತಿಲ್ಲ, ಬೇರೆ ಯಾರಿಗೂ ಗೊತ್ತಾಗಿರಲಿಲ್ಲ. ಹೊಲಿದವಳ ಎದೆ ಮಾತ್ರ ಧಸಕ್ಕೆಂದಿತು. ಊರೆಲ್ಲ ಸೇರುವ ಜಾಗದಲ್ಲಿ ತನ್ನ ಕೈಗೆಲಸ ಹೀಗೆ ಮೆರವಣಿಗೆ ಹೊರಟರೆ ಮಾನ ಉಳಿಯುವುದುಂಟೆ?

"ಮೇಷ್ಟ್ರೇ, ಸ್ವಲ್ಪ ನಿಲ್ಲಿ" ಅಂದಳು. ಅವರು ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದರು. ಟೈಲರಮ್ಮ ಎದ್ದು, ಮಂಡಿಯನ್ನು ಬೈದುಕೊಳ್ಳುತ್ತ ಬೆನ್ನು ಹತ್ತಿದಳು. ಮಕ್ಕಳ ಜಾರುಬಂಡೆ ದಾಟಿ, ಕೊಳದ ತಿರುವಿನಲ್ಲಿ ಅವರು ಲೇಸು ಕಟ್ಟಲು ಬಗ್ಗಿದಾಗ ಕೈಗೆ ಸಿಕ್ಕರು.

"ಪ್ಯಾಂಟು ನಾಳೆ ಅಂಗಡಿಗೆ ತಂದ್ಕೊಡಿ. ಒಂದು ಕಾಲು ಗಿಡ್ಡ ಆಗಿದೆ."

ಮೇಷ್ಟ್ರು ಕಾಲು ನೋಡಿಕೊಂಡರು. "ಆಯ್ತಮ್ಮ, ಕೊಡೋಣ."

ಕೊಡಲಿಲ್ಲ. ಮರೆಗುಳಿ ಮನುಷ್ಯ. ಮರುದಿನವೂ ಅದೇ ಪ್ಯಾಂಟು, ಅದೇ ಬಿರುಸು. ಆಕೆಯೂ ಬಿಡುವ ಪೈಕಿಯಲ್ಲ. ದಿನ ಕಳೆದಂತೆ ಕೊಳದ ತನಕ ಹೋಗಬೇಕಾಗಲಿಲ್ಲ, ಜಾರುಬಂಡೆಯ ಹತ್ತಿರವೇ ಹಿಡಿಯತೊಡಗಿದಳು. ಕೊನೆಗೆ ಮೇಷ್ಟ್ರು ಬೇಸತ್ತು ಪ್ಯಾಂಟು ಕೊಟ್ಟರು, ಇವಳು ಹೊಲಿಗೆ ಬಿಚ್ಚಿ ಸರಿಮಾಡಿದ್ದೂ ಆಯಿತು. ಆದರೆ ಸಂಜೆಯಾದರೆ ಕಾಲು ಸುಮ್ಮನಿರಬೇಕಲ್ಲ. ಬೆಂಚಿನಲ್ಲಿ ಕೂತರೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು. ಯಾರ ಬೆನ್ನೂ ಹತ್ತದೆ ಸುಮ್ಮನೆ ನಡೆದಳು.

ಹೀಗೇ ಮೂರ್ನಾಲ್ಕು ತಿಂಗಳು ಕಳೆದ ಮೇಲೆ ಒಂದು ಸಂಜೆ ಪಾರ್ಕಿನಿಂದ ನೇರ ಅಕ್ಕನ ಕಟ್ಟಡಕ್ಕೆ ಹೋಗಿ ಮೆಟ್ಟಿಲ ಕಂಬಿ ಹಿಡಿದಳು. ಮಹಡಿಗೊಮ್ಮೆ ಕೂತು ಸುಧಾರಿಸಿಕೊಂಡು ಹತ್ತಿದಳು.

ಬಾಗಿಲು ತೆರೆದೇ ಇತ್ತು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು.

"ಬಾರೇ. ಗೇಟು ದಾಟಿ ಈ ಕಡೆ ತಿರುಗಿದ್ದು ನೋಡಿ, ಪಕ್ಕದ ಮನೆಯವಳ ಕೈಲಿ ಬಾಗಿಲು ತೆಗೆಸಿಟ್ಟೆ."

"ಇಲ್ಲಿಂದ ನಾನು ಕಾಣ್ತೀನಾ?"

"ದಿನಾ. ಬೆಂಚು ಖಾಲಿ ಇತ್ತಲ್ಲ, ಅವತ್ತು ನನ್ನ ಜೀವವೇ ಹಾರಿಹೋಗಿತ್ತು. ಆಮೇಲೆ ನೋಡಿದ್ರೆ ಯಾರೋ ಗಂಡಸಿನ ಬೆನ್ನು ಹತ್ತಿದ್ದೀಯ."

ಇಬ್ಬರೂ ನಕ್ಕರು. ನಗುತ್ತಲೇ ಟೈಲರಮ್ಮನ ಕಣ್ಣು ಅಕ್ಕನ ರವಿಕೆಯ ಮೇಲೆ ಬಿತ್ತು. ಹೋದ ವರ್ಷ ತಾನೇ ಅಳತೆ ಹಿಡಿದು ಹೊಲಿದದ್ದು, ಈಗ ಹೆಗಲಿನಿಂದ ಜಾರುತ್ತಿತ್ತು. ಕಲ್ಲುಗುಂಡು ಅನ್ನುತ್ತಿದ್ದವಳು ಇಳಿದು ಅರ್ಧವಾಗಿದ್ದಳು. ಫೋನಿನಲ್ಲಿ ಅದು ಕೇಳಿಸುತ್ತದೆಯೇ? ಕೊರಳಿನ ಟೇಪು ತೆಗೆದು ಅಕ್ಕನ ಹೆಗಲಿಗೆ ಹಿಡಿದಳು.

"ಎಷ್ಟಾಯ್ತೇ?" ಅಂದಳು ಅಕ್ಕ.

"ಅಳತೆ ಸರಿ ಸಿಗ್ತಿಲ್ಲ. ನಾಳೆ ಮತ್ತೆ ಬಂದು ತಗೋತೀನಿ."